ಬಂಡಿಯ ಮೇವು



ಮೋಟಾರು ಬಂಡಿಗಳ ವಿಷಯವಾಗಿ ಮಾತನಾಡುವುದಕ್ಕೆ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವರಿಗೆ ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವೇನೂ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಎಂಜಿನಿನ ಮುಚ್ಚಳವನ್ನು ತೆರೆದು ನೋಡಿ ತಲೆದೂಗಿ ಮತ್ತೆ ಮುಚ್ಚುವಷ್ಟೇ ನಮ್ಮ ಯಂತ್ರಜ್ಞಾನ. ಆದರೆ 2023ರ ಫೆಬ್ರವರಿ ತಿಂಗಳಲ್ಲಿ ಒಂದು ಹಗಲನ್ನೆಲ್ಲ ನಾವು ಹೊಸ ಬಗೆಯ ಬಂಡಿಗಳ ನಡುವೆ ಕಳೆದೆವು. ನಮ್ಮ ಸಂಗಡ ಊರಿನಿಂದ ನಮ್ಮ ಅಣ್ಣನವರೂ ಬಂದಿದ್ದರು. ಆ ದಿನ ಅವರು ಕೇಳಿದ ಒಂದು ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆ ಪ್ರಶ್ನೆಯನ್ನು ತಮ್ಮ ಮುಂದೆಯೂ ಇಡಬೇಕೆಂಬುದೇ ಈ ಭಾಷಣದ ಉದ್ದೇಶ.

ನಮ್ಮ ಊರು ಗೋಗಿ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿಗೆ ಸೇರಿದ್ದು. ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. ವಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫ್ ಆದಿಲ್ ಶಹನು 1510ರಲ್ಲಿ ತೀರಿಕೊಂಡಾಗ, ಅವನ ಶರೀರವನ್ನು ರಾಜಧಾನಿಯಲ್ಲಿ ಹೂಳದೆ, ಗೋಗಿಯಲ್ಲಿರುವ ಸೂಫಿ ಸಂತ ಚಂದಾ ಹುಸೇನಿಯವರ ಸಮಾಧಿಯ ಸಮೀಪಕ್ಕೆ ತಂದು ಹೂಳಿದರು. ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಇವರ ಸಮಾಧಿಗಳೂ ಅಲ್ಲಿಯೇ ಇವೆ. ರಾಜ್ಯ ಕಟ್ಟಿದವರು ಕೊನೆಗೆ ಬೇಡಿದ್ದು ನಮ್ಮೂರಿನ ಆರಡಿ ನೆಲವನ್ನು. ಊರಿನವರು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ. ಈ ನೆಲದ ಆಳದಲ್ಲಿ ಇನ್ನೊಂದು ವಸ್ತುವೂ ಇದೆ. ಅದರ ಮಾತು ಮುಂದೆ ಬರುತ್ತದೆ.

ಅಣ್ಣನವರು ಒಕ್ಕಲುತನ ಮಾಡುವವರು. ತೊಗರಿ, ಹತ್ತಿ, ಜೋಳ ಇವು ಮನೆತನದ ಬೆಳೆಗಳು. ನಾರಾಯಣಪುರದಲ್ಲಿ ಕೃಷ್ಣಾ ನದಿಗೆ ಬಸವಸಾಗರ ಅಣೆಕಟ್ಟನ್ನು ಕಟ್ಟಿದ ಮೇಲೆ ಅದರ ಎಡದಂಡೆಯ ಕಾಲುವೆಗಳು ಸುರಪುರ ಶಹಾಪುರಗಳ ಸೀಮೆಗೆ ನೀರು ತಂದವು. ನಮ್ಮ ಮನೆಯ ಐದು ಎಕರೆ ಹೊಲ ಒಂದು ಸಣ್ಣ ಕಾಲುವೆಯ ಕೊನೆಯ ಭಾಗದಲ್ಲಿದೆ. ಕಾಲುವೆಯ ಕೊನೆಯೆಂದರೇನೆಂಬುದನ್ನು ಪಟ್ಟಣದವರಾದ ತಮಗೆ ವಿವರಿಸಬೇಕಾದೀತು. ನಲ್ಲಿಯ ನೀರು ಬೀದಿಯ ಮೊದಲ ಮನೆಗಳಲ್ಲೆಲ್ಲ ತುಂಬಿ ಹರಿದು, ಕೊನೆಯ ಮನೆಗೆ ಬರುವಷ್ಟರಲ್ಲಿ ಗೊರಗೊರ ಶಬ್ದ ಮಾತ್ರ ಬರುತ್ತದೆಯಷ್ಟೆ? ಅದೇ ಸ್ಥಿತಿ. ಈ ಕಾಲುವೆಗಳನ್ನು ಯೋಜಿಸಿದವರು ಕಡಮೆ ನೀರು ಕುಡಿಯುವ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮೇಲಿನ ಭಾಗದವರು ಭತ್ತವನ್ನೂ ಕಬ್ಬನ್ನೂ ಹಾಕಿದರೆ ಕೆಳಗಿನವರ ಪಾಲಿಗೆ ಉಳಿಯುವುದು ಕೆಸರು.

ಆ ವರ್ಷ ಅಣ್ಣನ ಮಗ ಒಂದು ಹಟ ಹಿಡಿದಿದ್ದನು. ಸಕ್ಕರೆ ಕಾರ್ಖಾನೆಗಳು ಇನ್ನು ಮೇಲೆ ಬರಿಯ ಸಕ್ಕರೆಯನ್ನು ಮಾಡುವುದಿಲ್ಲ, ಮೋಟಾರಿಗೆ ಬೇಕಾದ ಮದ್ಯಸಾರವನ್ನೂ ಮಾಡುತ್ತವೆ, ಆದುದರಿಂದ ಐದು ಎಕರೆಗೂ ಕಬ್ಬು ಹಾಕೋಣ, ಬೋರು ಕೊರೆಸಲು ಸಾಲ ಮಾಡೋಣ ಎಂದು ಅವನ ವಾದ. ಅಣ್ಣನವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಅಷ್ಟರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಬೆಂಗಳೂರಿನಲ್ಲಿ ನಡೆಯುವ ಇಂಧನ ಸಪ್ತಾಹಕ್ಕೆ ಎರಡು ಪ್ರವೇಶಪತ್ರಗಳನ್ನು ಕೊಡಿಸುವುದಾಗಿ ಬರೆದರು. ನಾವು ಈ ಸುದ್ದಿಯನ್ನು ಹೇಳಿದಾಗ ಅಣ್ಣನವರು, “ನಾನೂ ಬರ್ತೀನಿ. ಕಬ್ಬು ಕುಡಿಯೋ ಗಾಡಿ ಹ್ಯಾಂಗಿರ್ತದ ನೋಡೋಣು,” ಎಂದರು. ಯಾದಗಿರಿಯಲ್ಲಿ ರಾತ್ರಿಯ ರೈಲು ಹತ್ತಿದೆವು. ರೊಟ್ಟಿ, ಶೇಂಗಾ ಚಟ್ನಿಗಳ ಗಂಟು ಅತ್ತಿಗೆಯವರ ಕೊಡುಗೆ.

ಪ್ರದರ್ಶನವು ತುಮಕೂರು ರಸ್ತೆಯಲ್ಲಿರುವ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ಫೆಬ್ರವರಿ 6ರಿಂದ 8ರವರೆಗೆ ನಡೆಯಿತು. ಮೊದಲನೆಯ ದಿನವೇ ಪ್ರಧಾನಮಂತ್ರಿಗಳು ಅಲ್ಲಿ ‘ಇ-20’ ಎಂಬ ಇಂಧನದ ಮಾರಾಟವನ್ನು ಆರಂಭಿಸಿದ್ದರು. 100 ಭಾಗದಲ್ಲಿ 80 ಪೆಟ್ರೋಲು, 20 ಎಥೆನಾಲ್, ಅಂದರೆ ಮದ್ಯಸಾರ. 11 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಅದು ಮೊದಲು ದೊರೆಯಲಾರಂಭಿಸಿತು. ಹೊಸ ಇಂಧನಗಳಿಂದ ಓಡುವ ವಾಹನಗಳ ಮೆರವಣಿಗೆಗೂ ಅಂದೇ ಚಾಲನೆ ದೊರೆಯಿತು. ನಾವು ಹೋದದ್ದು ಎರಡನೆಯ ದಿನ.

ಮಂಟಪದೊಳಗೆ ಕಾಲಿಟ್ಟೊಡನೆ ನಮಗೆ ತೋರಿದ್ದು ಅಲ್ಲಿಯ ಶುಭ್ರತೆ. ನೆಲ ಕನ್ನಡಿಯಂತಿತ್ತು. ಎಲ್ಲಿಯೂ ಎಣ್ಣೆಯ ಕಲೆಯಿಲ್ಲ, ಹೊಗೆಯ ವಾಸನೆಯಿಲ್ಲ. ಒಂದೊಂದು ಬಂಡಿಯ ಮಗ್ಗುಲಲ್ಲಿಯೂ ಇಸ್ತ್ರಿ ಮಾಡಿದ ಅಂಗಿಯ ತರುಣರು ನಿಂತು, ಬಂದವರಿಗೆ ನಗುಮುಖದಿಂದ ವಿವರಿಸುತ್ತಿದ್ದರು. ಅಣ್ಣನವರು ಧೋತರದ ಚುಂಗನ್ನು ಸರಿಮಾಡಿಕೊಂಡು, ಜಾತ್ರೆಯಲ್ಲಿ ಎತ್ತುಗಳನ್ನು ನೋಡುವವರ ಹಾಗೆ, ಪ್ರತಿಯೊಂದು ಬಂಡಿಯನ್ನೂ ಒಂದು ಸುತ್ತು ಹಾಕಿ ನೋಡತೊಡಗಿದರು. ಅರ್ಧ ಗಂಟೆಯಾದ ಮೇಲೆ ನಮ್ಮನ್ನು ಹತ್ತಿರಕ್ಕೆ ಕರೆದು, “ತಮ್ಮಾ, ಎತ್ತಿಗಿ ಏನ್ ಹಾಕ್ತೀವಿ ಅಂತ ನಮಗ ಗೊತ್ತದ. ಈ ಗಾಡಿಗೋಳು ಏನ್ ತಿಂತಾವ, ಅದು ಯಾರ ಹೊಲದಾಗಿಂದ ಬರ್ತದ, ಅಷ್ಟು ಕೇಳ್,” ಎಂದರು.

ಶ್ರೋತೃಗಳೇ, ಅವರ ಪ್ರಶ್ನೆ ಇದೇ. ಇದಕ್ಕೆ ಉತ್ತರವನ್ನು ಹುಡುಕುವ ಮೊದಲು, ಬಂಡಿಗಳ ಮೇವಿನ ಹಳೆಯ ಕಥೆಯನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. ಪೆಟ್ರೋಲಿನ ಹೊರತು ಬೇರೆ ಆಹಾರವನ್ನು ತಿನ್ನುವ ಬಂಡಿ ಹೊಸ ಸೃಷ್ಟಿಯೆಂದು ನಾವು ತಿಳಿದಿದ್ದೇವೆ. ಅದು ಸರಿಯಲ್ಲ. 1899ರ ಏಪ್ರಿಲಿನಲ್ಲಿ, ಭೂಮಿಯ ಮೇಲೆ ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಮೊದಲು ದಾಟಿದ ಮೋಟಾರು ವಿದ್ಯುತ್ತಿನಿಂದ ಓಡುವುದಾಗಿತ್ತು. ಅದನ್ನು ನಡೆಸಿದವನು ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಸಿ. 1900ರ ಸುಮಾರಿನಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ವಿದ್ಯುತ್ತಿನವು, ಇನ್ನೂ ಹೆಚ್ಚು ಪಾಲು ಆವಿಯವು. ಪೆಟ್ರೋಲಿನ ಕಾರುಗಳೇ ಅಲ್ಪಸಂಖ್ಯಾತರು. ಅದೇ 1900ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಡೀಸೆಲ್ ಜಾತಿಯ ಒಂದು ಚಿಕ್ಕ ಎಂಜಿನ್ ಶೇಂಗಾ ಎಣ್ಣೆಯನ್ನು ಕುಡಿದು ಓಡಿತು. ಈ ಸಂಗತಿಯನ್ನು ಹೇಳಿದಾಗ ಅಣ್ಣನವರು ಚಟ್ನಿಯ ಗಂಟಿನ ಕಡೆಗೆ ನೋಡಿ ನಕ್ಕರು.

ಮುಂದೆ ನೆಲದೆಣ್ಣೆ ಅಗ್ಗವಾಯಿತು. 1912ರಲ್ಲಿ ಕೈಯಿಂದ ತಿರುವದೆ ತಾನಾಗಿ ಎಂಜಿನನ್ನು ಎಚ್ಚರಿಸುವ ವಿದ್ಯುತ್ ಸಾಧನವು ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಉಳಿದ ಮೇವುಗಳು ಮರೆತುಹೋದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಪಡಿತರದ ವಸ್ತುವಾದಾಗ ಮಾತ್ರ ಜನ ಇನ್ನೊಂದನ್ನು ನೆನಪಿಸಿಕೊಂಡರು. ಅದೇ ಇದ್ದಿಲು. ಮೈಸೂರು ಸೀಮೆಯ ಹಿರಿಯರು ಇದ್ದಿಲು ಬಸ್ಸುಗಳ ಕಥೆಯನ್ನು ಹೇಳುತ್ತಿದ್ದರು. ಬಸ್ಸಿನ ಹಿಂಭಾಗದಲ್ಲಿ ಹಂಡೆಯಂಥ ಎತ್ತರವಾದ ಒಲೆ. ಅದರಲ್ಲಿ ಇದ್ದಿಲನ್ನು ಸುರಿದು, ಕಡಮೆ ಗಾಳಿಯಲ್ಲಿ ಉರಿಸಿದರೆ, ಇಂಗಾಲದ ಮೋನಾಕ್ಸೈಡ್ ಮೊದಲಾದ ಉರಿಯುವ ಅನಿಲಗಳು ಹುಟ್ಟುತ್ತವೆ. ಅವುಗಳನ್ನು ಸೋಸಿ ಎಂಜಿನಿಗೆ ಕೊಡುವುದು. ಬೆಳಗಿನ ಬಸ್ಸು ಹೊರಡಬೇಕಾದರೆ ಕ್ಲೀನರು ಅದಕ್ಕೂ ಮುಂಚೆ ಬಹಳ ಹೊತ್ತು ಗಾಳಿಯ ಚಕ್ರವನ್ನು ತಿರುಗಿಸುತ್ತಿರಬೇಕು. ಎಂಜಿನಿನ ಬಲ ಹೆಚ್ಚು ಕಡಮೆ ಅರ್ಧಕ್ಕೆ ಇಳಿಯುತ್ತಿದ್ದುದರಿಂದ, ದಿಣ್ಣೆ ಬಂದಲ್ಲಿ ಪ್ರಯಾಣಿಕರು ಟಿಕೀಟು ಕೊಂಡವರೆಂಬ ಅಭಿಮಾನವನ್ನು ಬಿಟ್ಟು ಇಳಿದು ನೂಕಬೇಕು. ಈ ಕಥೆಯನ್ನು ಕೇಳಿ ನಾವೆಲ್ಲ ನಕ್ಕಿದ್ದೇವೆ. ಆದರೆ ಇದ್ದಿಲು ಎಲ್ಲಿಂದ ಬಂದಿತೆಂದು ನಾವು ಯಾರೂ ಕೇಳಲಿಲ್ಲ. ಅದು ಮರಗಳಿಂದ ಬಂದಿತು. ಬಸ್ಸು ಓಡಿದ್ದು ಪೇಟೆಯಿಂದ ಪೇಟೆಗೆ; ಬೋಳಾದದ್ದು ಕಾಡು.

ಈ ದೃಷ್ಟಿಯನ್ನಿಟ್ಟುಕೊಂಡು ನಾವು ಮತ್ತೆ ಪ್ರದರ್ಶನದ ಮಂಟಪಕ್ಕೆ ಹೋಗೋಣ. ಮೊದಲು ಕಬ್ಬಿನ ಮೇವು. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ 100ಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ಕೊಳ್ಳುತ್ತದೆ. ಆ ಹಣದಲ್ಲಿ ಒಂದಂಶವಾದರೂ ನಮ್ಮ ರೈತನಿಗೆ ಸೇರಲೆಂಬ ಆಶಯ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. 2022ರಲ್ಲಿ 100ಕ್ಕೆ 10ರ ಬೆರಕೆಯೂ, 2025ರಲ್ಲಿ 20ರ ಬೆರಕೆಯೂ ಸಾಧಿಸಲ್ಪಟ್ಟವು. ಒಂದು ಟನ್ನು ಕಬ್ಬಿನಿಂದ ಸುಮಾರು 70 ಲೀಟರು ಮದ್ಯಸಾರವನ್ನು ತೆಗೆಯಬಹುದು. ಇವು ಜಮೆಯ ಕಡೆಯ ಅಂಕಿಗಳು. ಖರ್ಚಿನ ಕಡೆಯೂ ಒಂದು ಅಂಕಿ ಇದೆ. ಸಕ್ಕರೆಯ ಮೂಲದಿಂದ ಬಂದ ಒಂದು ಲೀಟರು ಮದ್ಯಸಾರಕ್ಕೆ ಸುಮಾರು 2,860 ಲೀಟರು ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ತಮ್ಮ ಕಾರಿಗೆ 40 ಲೀಟರು ಇ-20 ತುಂಬಿಸಿದಿರಿ ಎನ್ನಿ. ಅದರಲ್ಲಿ 8 ಲೀಟರು ಮದ್ಯಸಾರ. ಅದು ಕಬ್ಬಿನಿಂದಲೇ ಬಂದುದಾದರೆ, ಅದರ ಹಿಂದೆ ಸುಮಾರು 23,000 ಲೀಟರು ನೀರು ಹೊಲದಲ್ಲಿ ಹರಿದಿದೆ. ಇತ್ತೀಚಿನ ವರ್ಷಗಳಲ್ಲಿ ಮೆಕ್ಕೆಜೋಳದಿಂದಲೂ ಅಕ್ಕಿಯಿಂದಲೂ ಮದ್ಯಸಾರವನ್ನು ಬಹಳವಾಗಿ ತೆಗೆಯುತ್ತಿದ್ದಾರೆ. ಆಗ ನೀರಿನ ಲೆಕ್ಕ ಬದಲಾಗುತ್ತದೆ, ಆದರೆ ಕೋಳಿಯ ಮೇವು, ಮನುಷ್ಯನ ಅನ್ನ ಇವುಗಳ ಲೆಕ್ಕ ಆರಂಭವಾಗುತ್ತದೆ. ಇದಲ್ಲದೆ, ಲೀಟರಿಗೆ ಲೀಟರು ತೂಗಿದರೆ ಮದ್ಯಸಾರದಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಭಾಗದಷ್ಟೇ.

ನಾವು ಈ ಅಂಕಿಗಳನ್ನು ಅಣ್ಣನವರಿಗೆ ವಿವರಿಸಿದೆವು. ಅವರು ಬೆರಳುಗಳ ಮೇಲೆ ಏನನ್ನೋ ಎಣಿಸಿ ಸುಮ್ಮನಾದರು.

ಮುಂದಿನದು ವಿದ್ಯುತ್ತಿನ ಮೇವು. ಈ ವಿಷಯದಲ್ಲಿ ಕನ್ನಡ ನಾಡು ಹೆಮ್ಮೆಪಡಬಹುದು. 2001ರಲ್ಲಿ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟ್ಟ ಕಾರು ಮಾರಾಟಕ್ಕೆ ಬಂದಿತು. ಚೇತನ್ ಮೈನಿಯವರ ಶ್ರಮದ ಫಲ ಅದು. ಎರಡು ಬಾಗಿಲು, ಎಂಟು ಸೀಸದ ಬ್ಯಾಟರಿಗಳು, ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರು ಓಟ. ಅದನ್ನು ಕಂಡು ಆಟದ ಸಾಮಾನೆಂದು ನಕ್ಕವರು ಅನೇಕರು. ಆದರೆ ಅದು ಲಂಡನ್ನಿನ ರಸ್ತೆಗಳಲ್ಲಿಯೂ ಬೇರೆ ಹೆಸರಿನಿಂದ ಓಡಾಡಿತು. 2010ರಲ್ಲಿ ಆ ಸಂಸ್ಥೆ ಮಹೀಂದ್ರಾದವರ ಕೈಸೇರಿತು. ಇಂದು ಬೆಂಗಳೂರಿನಲ್ಲಿ ವಿದ್ಯುತ್ ಸ್ಕೂಟರೂ ವಿದ್ಯುತ್ ಬಸ್ಸೂ ಯಾರ ಕುತೂಹಲವನ್ನೂ ಕೆರಳಿಸುವುದಿಲ್ಲ. 2023ರ ಜನವರಿಯಿಂದ ಬೆಂಗಳೂರು ಮೈಸೂರುಗಳ ನಡುವೆಯೂ ಸಾರಿಗೆ ಸಂಸ್ಥೆಯ ವಿದ್ಯುತ್ ಬಸ್ಸು ಸಂಚರಿಸತೊಡಗಿತು.

ಒಂದು ವಿದ್ಯುತ್ ಕಾರಿನ ಬಳಿಯಲ್ಲಿ ನಿಂತಿದ್ದ ತರುಣರು, “ಇದರಲ್ಲಿ ಹೊಗೆಯ ಕೊಳವೆಯೇ ಇಲ್ಲ ನೋಡಿ,” ಎಂದು ಬಗ್ಗಿ ತೋರಿಸಿದರು. ಅಣ್ಣನವರೂ ಬಗ್ಗಿ ನೋಡಿದರು. ಎದ್ದು ನಿಂತು ಮೆಲ್ಲಗೆ ನಮಗೆ, “ಹೊಗಿ ಇಲ್ಲ, ಖರೆ. ಇಲ್ಲಿ ಇಲ್ಲ. ಮತ್ತೆಲ್ಲಿ ಅದ?” ಎಂದರು.

ಎಲ್ಲಿದೆ? ನಮ್ಮ ಸೀಮೆಯಿಂದ ಅದು ದೂರವಿಲ್ಲ. ಕೃಷ್ಣೆಯ ದಡದಲ್ಲಿ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ತೆಗೆಯುತ್ತಾರೆ. ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಒಂದು ಸಾಧಾರಣ ವಿದ್ಯುತ್ ಕಾರು 100 ಕಿಲೋಮೀಟರು ಓಡಲು ಸುಮಾರು 15 ಯೂನಿಟ್ ಬೇಕು. ಅಷ್ಟನ್ನೂ ಕಲ್ಲಿದ್ದಲಿನಿಂದಲೇ ತೆಗೆದರೆ, ಹತ್ತು ಕಿಲೋಗ್ರಾಮಿನಷ್ಟು ಕಲ್ಲಿದ್ದಲು ಸುಟ್ಟು, ಸುಮಾರು 14 ಕಿಲೋಗ್ರಾಂ ಇಂಗಾಲಾಮ್ಲ ವಾಯು ಹೊರಬೀಳುತ್ತದೆ. ಲೀಟರಿಗೆ 16 ಕಿಲೋಮೀಟರು ಓಡುವ ಪೆಟ್ರೋಲು ಕಾರೂ ಅಷ್ಟು ದೂರಕ್ಕೆ ಬಿಡುವುದು ಹೆಚ್ಚು ಕಡಮೆ ಅಷ್ಟನ್ನೇ. ಹಾಗಾದರೆ ವಿದ್ಯುತ್ ಕಾರು ಬರಿಯ ಕಣ್ಕಟ್ಟೆ? ಅಲ್ಲ. ನಮ್ಮ ತಂತಿಗಳಲ್ಲಿ ಹರಿಯುವುದು ಕಲ್ಲಿದ್ದಲಿನ ವಿದ್ಯುತ್ತು ಮಾತ್ರವಲ್ಲ. ಶರಾವತಿಯ ನೀರು, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು, ಕೈಗಾದ ಪರಮಾಣು ಇವೆಲ್ಲವೂ ಅದರಲ್ಲಿ ಕೂಡಿಕೊಂಡಿವೆ. ಪೆಟ್ರೋಲಿನ ಕಾರು ಹಳೆಯದಾದಷ್ಟೂ ಹೆಚ್ಚು ಹೊಗೆಯುಗುಳುತ್ತದೆ. ವಿದ್ಯುತ್ ಕಾರಾದರೋ, ವಿದ್ಯುತ್ತಿನ ಮೂಲ ಶುದ್ಧವಾದಂತೆಲ್ಲ ತಾನೂ ಶುದ್ಧವಾಗುತ್ತದೆ. ಪಟ್ಟಣದ ಮಗುವಿನ ಶ್ವಾಸಕೋಶಕ್ಕಂತೂ ಅದರಿಂದ ಹಿತವುಂಟು. ಈ ಲಾಭವನ್ನು ಅಲ್ಲಗಳೆಯಲಾಗದು.

ಈಗ ಗೋಗಿಯ ನೆಲದ ಆಳದ ಮಾತನ್ನು ಹೇಳಬೇಕು. ಭೀಮಾ ಜಲಾನಯನದ ಸುಣ್ಣಕಲ್ಲು, ಅದರಡಿಯ ಗ್ರಾನೈಟು ಇವು ಸೇರುವೆಡೆಯಲ್ಲಿ, ಕುರ್ಲಗೆರೆಯಿಂದ ಗೋಗಿಯ ಕಡೆಗೆ ಭೂಮಿಯೊಳಗೆ ಒಂದು ಬಿರುಕು ಹಾದುಹೋಗಿದೆ. ಅದರಲ್ಲಿ ಯುರೇನಿಯಂ ಇರುವುದನ್ನು ಪರಮಾಣು ಖನಿಜ ಇಲಾಖೆಯವರು ಕಂಡುಹಿಡಿದರು. ಇಲ್ಲಿಯ ಅದಿರಿನ ಸತ್ತ್ವ ದೇಶದ ಇತರ ಬಹುತೇಕ ನಿಕ್ಷೇಪಗಳದಕ್ಕಿಂತ ಹೆಚ್ಚೆಂಬುದು ತಜ್ಞರ ಮತ. ಯುರೇನಿಯಂ ನಿಗಮವು ಪರಿಶೋಧನೆಗಾಗಿ ಗಣಿಯನ್ನು ತೋಡಿತು; ಊರಿನವರಲ್ಲಿ ಭಯವೂ ವಿರೋಧವೂ ಎದ್ದವು.

ಈ ಲೋಹದ ಶಕ್ತಿ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿದರೆ ಬೆರಗಾಗುತ್ತದೆ. ಕೈಗಾದಲ್ಲಿರುವಂಥ ಸ್ಥಾವರದಲ್ಲಿ ಒಂದು ಕಿಲೋಗ್ರಾಂ ಸಹಜ ಯುರೇನಿಯಂ ಸುಮಾರು 50,000 ಯೂನಿಟ್ ವಿದ್ಯುತ್ತನ್ನು ಕೊಡುತ್ತದೆ. ಅದರಿಂದ ಒಂದು ಕಾರು ಮೂರು ಲಕ್ಷ ಕಿಲೋಮೀಟರು ಓಡಬಹುದು. ಭೂಮಿಗೆ ಏಳು ಪ್ರದಕ್ಷಿಣೆ ಹಾಕಿದಂತಾಯಿತು. ಕೈಗಾದ ಮೊದಲನೆಯ ಘಟಕವು 2018ರಲ್ಲಿ, ಒಂದು ದಿನವೂ ನಿಲ್ಲದೆ 962 ದಿನ ನಡೆದು ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ಹೊಗೆ ಎಲ್ಲಿಯೂ ಇಲ್ಲ. ಆದರೆ ಆ ಒಂದು ಕಿಲೋಗ್ರಾಮನ್ನು ಪಡೆಯಲು, ಗೋಗಿಯ ಅದಿರಿನಂಥದನ್ನಾದರೂ ಅರ್ಧ ಟನ್ನೋ ಒಂದು ಟನ್ನೋ ಅಗೆದು, ಹಿಟ್ಟಿನಂತೆ ಅರೆಯಬೇಕು. ಬೇಕಾದ ಕಿಲೋಗ್ರಾಮನ್ನು ತೆಗೆದುಕೊಂಡ ಮೇಲೆ ಉಳಿದ ಹುಡಿಯೆಲ್ಲ ಹೊಂಡದಲ್ಲಿ ನಿಲ್ಲುತ್ತದೆ. ಅದಿರಿನ ವಿಕಿರಣದ ಬಹುಪಾಲು ಆ ಹುಡಿಯಲ್ಲಿಯೇ ಉಳಿಯುತ್ತದೆ, ಏಕೆಂದರೆ ರೇಡಿಯಂ ಮೊದಲಾದವು ಅಲ್ಲಿಯೇ ಇರುತ್ತವೆ. ಆ ಹೊಂಡವನ್ನು ಎಷ್ಟೋ ತಲೆಮಾರುಗಳ ಕಾಲ ಕಾಯಬೇಕು. ಕಾಯುವವರು ಯಾರು? ಕಾರನ್ನು ಕೊಂಡವರಲ್ಲ.

ಪ್ರದರ್ಶನದ ಆ ತರುಣರಿಗೆ ಗೋಗಿ ಎಂಬ ಊರಿನ ಹೆಸರು ತಿಳಿದಿರಲಿಲ್ಲ. ಅದು ಅವರ ತಪ್ಪಲ್ಲ. ನಾವೂ ಕಾಲೇಜಿನಲ್ಲಿ ಓದುವಾಗ, ನಮ್ಮ ಕೊಠಡಿಯ ದೀಪಕ್ಕೆ ವಿದ್ಯುತ್ತು ಯಾವ ಊರಿನಿಂದ ಬರುತ್ತದೆಂದು ಒಂದು ದಿನವೂ ಯೋಚಿಸಿದವರಲ್ಲ. ಆ ದೀಪದ ಕೆಳಗೆ ಕುಳಿತು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಮಕ್ಕಳ ವಿಷಯವನ್ನು ಓದಿ ಕಣ್ಣೀರು ತಂದುಕೊಂಡವರು ನಾವು.

ಇನ್ನೊಂದು ಕಡೆ ಭಾರಿ ಲಾರಿಯೊಂದರ ಸುತ್ತ ಜನ ಕಿಕ್ಕಿರಿದಿದ್ದರು. ರಿಲಯನ್ಸ್ ಮತ್ತು ಅಶೋಕ್ ಲೇಲ್ಯಾಂಡ್ ಸಂಸ್ಥೆಗಳು ಸೇರಿ ಸಿದ್ಧಪಡಿಸಿದ ಆ ಲಾರಿ ಜಲಜನಕವನ್ನು ಎಂಜಿನಿನೊಳಗೇ ಉರಿಸುತ್ತದೆ. ಹಿಂದಿನ ದಿನವೇ ಪ್ರಧಾನಮಂತ್ರಿಗಳು ಅದಕ್ಕೆ ನಿಶಾನೆ ತೋರಿಸಿದ್ದರು. ಜಲಜನಕ ಉರಿದರೆ ಉಳಿಯುವುದು ನೀರಿನ ಆವಿ. ಇದಕ್ಕಿಂತ ನಿರ್ಮಲವಾದ ಮೇವು ಮತ್ತಾವುದಿದೆ? ಆದರೆ ಜಲಜನಕವು ಬಾವಿಯಲ್ಲಿ ಸಿಕ್ಕುವ ವಸ್ತುವಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು 50ಕ್ಕೂ ಹೆಚ್ಚು ಯೂನಿಟ್ ವಿದ್ಯುತ್ತೂ, 9 ಲೀಟರು ಶುದ್ಧ ನೀರೂ ಬೇಕು. ಪ್ರಶ್ನೆ ಮತ್ತೆ ವಿದ್ಯುತ್ತಿನ ಬಾಗಿಲಿಗೇ ಬಂದು ನಿಲ್ಲುತ್ತದೆ. ದೂರ ಹೋಗುವ ಭಾರದ ಲಾರಿಗಳಿಗೆ ಅದು ಒಗ್ಗಬಹುದು. ತರಕಾರಿ ತರಲು ಹೋಗುವ ಸ್ಕೂಟರಿಗೆ ಅದರ ಅಗತ್ಯವಿಲ್ಲ.

ಅಣ್ಣನವರ ಮನಸ್ಸಿಗೆ ಹಿಡಿಸಿದ್ದು ಇದಾವುದೂ ಅಲ್ಲ. ಸಗಣಿ, ಕೃಷಿತ್ಯಾಜ್ಯಗಳಿಂದ ಅನಿಲವನ್ನು ತೆಗೆದು, ಶುದ್ಧಿಮಾಡಿ, ಒತ್ತಡದಿಂದ ತುಂಬಿ ಬಂಡಿಗೆ ಹಾಕುವ ವಿಧಾನ. ಅಲ್ಲಿ ಅವರು ಬಹಳ ಹೊತ್ತು ನಿಂತರು. ಅನಿಲ ಹೋದ ಮೇಲೆ ಉಳಿದ ಗೊಬ್ಬರ ಹೊಲಕ್ಕೇ ಹಿಂದಿರುಗುತ್ತದೆಂದು ಕೇಳಿ, “ಇದು ನ್ಯಾಯದ ಮಾತು. ಎತ್ತಿನ ಹೆಂಡಿ ಹೊಲಕ್ಕ ಬರಬೇಕು,” ಎಂದರು. ನಾವು ಅವರಿಗೆ ಹೊಂಗೆ ಎಣ್ಣೆಯ ಕಥೆಯನ್ನೂ ಹೇಳಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಸುಮಾರು 25 ವರ್ಷಗಳ ಹಿಂದೆ, ಕಗ್ಗನಹಳ್ಳಿಯಲ್ಲಿ ಹೊಂಗೆಯ ಎಣ್ಣೆಯಿಂದ ಡೀಸೆಲ್ ಎಂಜಿನುಗಳನ್ನು ನಡೆಸಿ, ನೀರನ್ನು ಮೇಲೆತ್ತಿ ಹೊಲಗಳಿಗೆ ಹರಿಸಿ ತೋರಿಸಿದರು. ಅಜ್ಜಿಯಂದಿರು ದೀಪಕ್ಕೆ ಹಾಕುತ್ತಿದ್ದ ಎಣ್ಣೆ ಅದು. ಬದುವಿನ ಮೇಲೆ ಬೆಳೆಯುವ ಮರ. ಹೊಲವನ್ನೂ ಕೇಳದು, ಕಾಲುವೆಯ ನೀರನ್ನೂ ಕೇಳದು. 2009ರಲ್ಲಿ ನಮ್ಮ ರಾಜ್ಯವು ಜೈವಿಕ ಇಂಧನದ ನೀತಿಯನ್ನೂ ರೂಪಿಸಿತು. ಆದರೆ ಹೊಂಗೆಯ ಬೀಜವನ್ನು ಆರಿಸುವುದು ಶ್ರಮದ ಕೆಲಸ, ಕೊಡುವ ಬೆಲೆ ಆ ಶ್ರಮಕ್ಕೆ ತಕ್ಕುದಾಗಿರಬೇಕು; ಅಲ್ಲಿಯೇ ತೊಡಕು. ಮರವಿದ್ದರೆ ಸಾಲದು, ಬಗ್ಗಿ ಆರಿಸುವವಳಿಗೆ ಕೂಲಿ ಹುಟ್ಟಬೇಕು.

ಹಾಗಾದರೆ, ಯಾವ ಮೇವೂ ನಿರ್ದೋಷವಲ್ಲವೆಂದು ಕೈಚೆಲ್ಲಿ ಕೂಡುವುದೇ? ನಾವು ಹಾಗೆ ಹೇಳುವವರಲ್ಲ. ಪೆಟ್ರೋಲಿಗೂ ತನ್ನದೇ ಆದ ಗೋಗಿಗಳು ಲೋಕದಲ್ಲಿ ಬೇಕಾದಷ್ಟಿವೆ. ಅವು ದೂರದ ದೇಶಗಳಲ್ಲಿರುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ. ಹೊಸ ಮೇವುಗಳ ಗುಣವೇನೆಂದರೆ, ಅವುಗಳ ಹೊಲ ನಮ್ಮ ನಾಡಿನಲ್ಲಿಯೇ ಇದೆ. ಆದುದರಿಂದ ನ್ಯಾಯವನ್ನು ನೋಡುವುದೂ ನಮ್ಮ ಕೈಯಲ್ಲಿದೆ.

ಇದಕ್ಕೆ ಒಂದು ದೃಷ್ಟಾಂತ ಪಾವಗಡದಲ್ಲಿದೆ. ಅಲ್ಲಿಯ ಒಣನೆಲದಲ್ಲಿ ಸುಮಾರು 13,000 ಎಕರೆಗಳ ಮೇಲೆ ಸೂರ್ಯಶಕ್ತಿಯ ಫಲಕಗಳನ್ನು ಹಾಸಿ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವನ್ನು ನಿರ್ಮಿಸಿದ್ದಾರೆ. ಆ ನೆಲವನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ 100ಕ್ಕೆ 5ರಂತೆ ಏರಿಸುವ ಒಪ್ಪಂದ. ನೆಲದ ಒಡೆತನ ರೈತನಲ್ಲಿಯೇ ಉಳಿಯಿತು. ಇದೂ ಪರಿಪೂರ್ಣವಲ್ಲ. ನೆಲವಿದ್ದವನಿಗೆ ಗುತ್ತಿಗೆ ಬಂದಿತು. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಏನು ಬಂದಿತೆಂಬ ಪ್ರಶ್ನೆ ಉಳಿದಿದೆ. ಆದರೂ, ಮೇವು ಕೊಟ್ಟ ನೆಲಕ್ಕೆ ವರ್ಷವರ್ಷವೂ ಒಂದು ಪಾಲು ಸಲ್ಲಬೇಕೆಂಬ ತತ್ತ್ವವನ್ನು ಅಲ್ಲಿ ಒಪ್ಪಿಕೊಂಡಿದ್ದಾರೆ. ಕಾಲುವೆಯ ಕೊನೆಯ ರೈತನಿಗೂ ಗಣಿಯ ಪಕ್ಕದ ಊರಿಗೂ ಇದೇ ತತ್ತ್ವ ಅನ್ವಯಿಸಬೇಕೆಂದು ನಾವು ಕೇಳುವುದು ಅತಿಯಾಸೆಯಲ್ಲ. ಗೋಗಿಯಲ್ಲಿ ಮುಂದೆ ಎಂದಾದರೂ ಗಣಿ ನಡೆಯುವುದಾದರೆ, ಬಾವಿಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಫಲಿತಾಂಶವನ್ನು ಊರಿನವರು ಓದಬಲ್ಲ ಕನ್ನಡದಲ್ಲಿ ಪಂಚಾಯತಿಯ ಗೋಡೆಗೆ ಅಂಟಿಸತಕ್ಕದ್ದು. ಬೇಡವೆನ್ನುವ ಹಕ್ಕೂ ಊರಿಗೆ ಇರತಕ್ಕದ್ದು.

ಪಟ್ಟಣವಾಸಿಗಳಾದ ತಮ್ಮಲ್ಲಿ ನಮ್ಮ ಬಿನ್ನಹ ಎರಡೇ. ಬಂಡಿಯನ್ನು ಕೊಳ್ಳುವಾಗ ಅದರ ಬಣ್ಣವನ್ನೂ ವೇಗವನ್ನೂ ವಿಚಾರಿಸುವಂತೆ ಅದರ ಮೇವು ಎಲ್ಲಿಂದ ಬರುತ್ತದೆಂದೂ ವಿಚಾರಿಸಿರಿ. ಮತ್ತು, ಎಲ್ಲಕ್ಕಿಂತ ಅಗ್ಗವಾದ, ಯಾರ ನೆಲವನ್ನೂ ಕೇಳದ ಮೇವೆಂದರೆ ಓಡಿಸದೆ ಉಳಿಸಿದ ಕಿಲೋಮೀಟರು. ನಲವತ್ತು ಜನ ಒಂದು ಬಸ್ಸಿನಲ್ಲಿ ಹೋದರೆ, ಅದು ಯಾವ ಇಂಧನದ ಬಸ್ಸೇ ಆಗಲಿ, ನಲವತ್ತು ಹೊಸ ಕಾರುಗಳಿಗಿಂತ ಮೇಲು.

ಸಂಜೆ ಪ್ರದರ್ಶನದಿಂದ ಹೊರಬಂದು, ಮರದ ನೆರಳಿನಲ್ಲಿ ಕುಳಿತು, ಉಳಿದಿದ್ದ ರೊಟ್ಟಿಯನ್ನು ತಿಂದೆವು. ಕಬ್ಬಿನ ವಿಷಯ ಏನಾಯಿತೆಂದು ನಾವು ಕೇಳಿದೆವು. ಅಣ್ಣನವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, “ನಾವು ಕಾಲುವಿ ಕೊನಿಗಿ ಇದ್ದೀವಿ ಅಂತ ದಿನಾ ಅಳ್ತೀವಿ. ನಮ್ಮ ಕೆಳಗ ಇನ್ನೂ ಎರಡು ಹೊಲ ಅವ, ತಮ್ಮಾ. ನಾ ಕಬ್ಬು ಹಾಕಿದ್ರ ಅವರಿಗಿ ಏನ್ ಉಳೀತದ?” ಎಂದರು.

ಅವರು ಕಬ್ಬು ಹಾಕಲಿಲ್ಲ. ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಡಿಸೆಂಬರಿನಲ್ಲಿ ಸಕ್ಕರೆಯ ಕೊರತೆಯಾದೀತೆಂದು, ಕಬ್ಬಿನ ಹಾಲಿನಿಂದ ಮದ್ಯಸಾರ ತೆಗೆಯುವುದಕ್ಕೆ ಕೇಂದ್ರ ಸರ್ಕಾರವೇ ತಡೆ ಹಾಕಿತು. ಅಣ್ಣನವರು ಭವಿಷ್ಯವನ್ನು ಬಲ್ಲವರೆಂದು ತೋರಿಸಲು ನಾವು ಇದನ್ನು ಹೇಳುತ್ತಿಲ್ಲ. ಅವರ ತೊಗರಿಯೂ ಆ ವರ್ಷ ಅರ್ಧಕ್ಕೆ ಅರ್ಧ ಒಣಗಿತು. ಸಾಲವಿರಲಿಲ್ಲವಾದ್ದರಿಂದ ತಡೆದುಕೊಂಡರು. ಕೆಳಗಿನ ಎರಡು ಹೊಲದವರಿಗೆ ಒಂದೆರಡು ಸರದಿಯಾದರೂ ನೀರು ಮುಟ್ಟಿತು. ಹುಡುಗನು ಕೆಲವು ದಿನ ಮುನಿಸಿಕೊಂಡಿದ್ದನು. ಈಗ ಶಹಾಪುರಕ್ಕೆ ಹೋಗಿಬರಲು ಒಂದು ವಿದ್ಯುತ್ ಸ್ಕೂಟರನ್ನು ಕೊಂಡಿದ್ದಾನೆ. ರಾತ್ರಿ ಅಂಗಳದಲ್ಲಿ ಅದಕ್ಕೆ ತಂತಿಯನ್ನು ಜೋಡಿಸುವಾಗ ಅಣ್ಣನವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿರುತ್ತಾರೆ.

“ಮೇವು ಹಾಕಿದ್ಯಾ?” ಎಂದು ಕೇಳುತ್ತಾರೆ. ಎತ್ತಿನ ವಿಷಯವಾಗಿಯೋ ಸ್ಕೂಟರಿನ ವಿಷಯವಾಗಿಯೋ ಅವನೇ ತಿಳಿದುಕೊಳ್ಳಬೇಕು.